ಅಕ್ಕಂದಿರ ಸೀಮೆಯಲ್ಲಿ

ಕಡೂರಿನ ಒಂದು ಕಾಲೇಜಿನವರು ಕಳೆದ ಮಾಘಮಾಸದಲ್ಲಿ ನನ್ನನ್ನು ಉಪನ್ಯಾಸಕ್ಕೆ ಬರಮಾಡಿಕೊಂಡಿದ್ದರು. ವಿಷಯವನ್ನು ಅವರೇ ಗೊತ್ತುಮಾಡಿದ್ದರು: ಸಾಹಿತ್ಯದಲ್ಲಿ ಒಂಟಿತನ. ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದವನಿಗೆ ಇಂತಹ ಕರೆ ಬಂದರೆ ಆಗುವ ಸಂತೋಷವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ನಾಲ್ಕು ದಿನ ಕುಳಿತು ಟಿಪ್ಪಣಿ ಸಿದ್ಧಪಡಿಸಿದೆ. ಫ್ರಾನ್ಸಿನ ಆಲ್ಬೇರ್ ಕಮೂ 1942ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಮಾತು ಆರಂಭಿಸಿದೆ. ನಮ್ಮ ನವ್ಯ ಕವಿಗಳ ಮತ್ತು ಕತೆಗಾರರ ಪರಕೀಯತೆಯ ಬಗೆಗೆ ಹೇಳಿದೆ. ಕೊಲಂಬಿಯಾದ ಮಾರ್ಕ್ವೆಜ್ 1967ರಲ್ಲಿ ಬರೆದ ಮಹಾಕಾದಂಬರಿ ಕನ್ನಡಕ್ಕೆ ಬಂದಾಗ ಅದರ ಹೆಸರಿನಲ್ಲಿ ‘ಏಕಾಂತ’ ಎಂಬ ಮಾತು ಸೇರಿದ್ದನ್ನು ನೆನೆದು, ಅಲ್ಲಿಗೆ ಮುಗಿಸಿದೆ. ಚಪ್ಪಾಳೆಯೂ ಬಿತ್ತು.

ಆಗ ಹಿಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ನಮ್ಮ ಕಡೆಯವರು ಯಾರೂ ಒಂಟಿತನದ ಬಗ್ಗೆ ಬರೆದಿಲ್ಲವೇ?” ಎಂದು ಕೇಳಿದಳು. ನಾನು, ಅದು ನಗರಗಳು ಬೆಳೆದ ಮೇಲಿನ ವ್ಯಾಧಿ, ಕೂಡುಕುಟುಂಬದ ಕಾಲದಲ್ಲಿ ಅದಕ್ಕೆ ಎಡೆಯಿರಲಿಲ್ಲ ಎಂದು ಏನೋ ಒಂದು ಉತ್ತರ ಕೊಟ್ಟೆ. ಹುಡುಗಿ ಕುಳಿತಳು. ಅವಳಿಗೆ ಸಮಾಧಾನವಾಗಲಿಲ್ಲವೆಂಬುದು ಮುಖದಲ್ಲಿ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ. ಏಕೆಂದರೆ ಆ ಹೊತ್ತಿನಲ್ಲಿ ನನ್ನ ಕೈಚೀಲದೊಳಗೆ ಒಂದು ಜೈಮಿನಿ ಭಾರತ ಇತ್ತು; ಅದು ಅಜ್ಜಂಪುರದ ಕಡೆಯ ಹಳ್ಳಿಯೊಂದರಲ್ಲಿ ಒಬ್ಬರೇ ವಾಸವಾಗಿರುವ ನನ್ನ ದೊಡ್ಡಮ್ಮನವರಿಗೆ ತಲುಪಬೇಕಾಗಿತ್ತು.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ವಯಸ್ಸು ಎಂಬತ್ತು ದಾಟಿದೆ. ಎರಡು ವರ್ಷದ ಹಿಂದೆ ತಮ್ಮ ಕೈಯಾರೆ ಒಂದು ಕಾಗದ ಬರೆದಿದ್ದರು. ದೊಡ್ಡಪ್ಪನವರು ಓದುತ್ತಿದ್ದ ಜೈಮಿನಿಯಲ್ಲಿ ಸೀತಾಪರಿತ್ಯಾಗದ ಭಾಗವನ್ನೆಲ್ಲ ಗೆದ್ದಲು ತಿಂದಿವೆ, ದಪ್ಪಕ್ಷರದ ಪುಸ್ತಕ ಸಿಕ್ಕಿದರೆ ತೆಗೆದುಕೊಂಡು ಬಾ ಎಂದು ಅದರಲ್ಲಿತ್ತು. ಪುಸ್ತಕವನ್ನು ಆರು ತಿಂಗಳೊಳಗೆ ಕೊಂಡೆ. ಅನಂತರ ಒಂದೂವರೆ ವರ್ಷ ಅದು ನನ್ನ ಕಪಾಟಿನಲ್ಲಿಯೇ ಇತ್ತು. ಅಂಚೆಗೆ ಹಾಕಬಹುದಾಗಿತ್ತು, ಹಾಕಲಿಲ್ಲ. ಖುದ್ದಾಗಿ ಕೊಡೋಣ ಎಂಬ ಒಳ್ಳೆಯ ಮಾತು ಅನೇಕ ವೇಳೆ ನಮ್ಮ ಸೋಮಾರಿತನಕ್ಕೆ ಹೊದಿಕೆಯಾಗುತ್ತದೆ.

ಆ ರಾತ್ರಿ ಕಡೂರಿನ ಮಿತ್ರರ ಮನೆಯಲ್ಲಿ ಮಲಗಿದವನಿಗೆ ನಿದ್ದೆ ಬರಲಿಲ್ಲ. ಹುಡುಗಿಯ ಪ್ರಶ್ನೆ ಕಾಡುತ್ತಲೇ ಇತ್ತು.

ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಎಂಬುದು ಒಂದು ಊರಿನ ಹೆಸರಷ್ಟೇ ಆಗಿರಲಿಲ್ಲ. ಇಂದಿನ ಚಿಕ್ಕಮಗಳೂರು ಜಿಲ್ಲೆಗೇ ಆ ಹೆಸರಿತ್ತು. ಬಿ.ಎಲ್. ರೈಸ್ ಅವರು ಸಂಗ್ರಹಿಸಿದ ಕಡೂರು ಜಿಲ್ಲೆಯ ಶಾಸನಗಳಲ್ಲಿ ಈ ಊರಿನದೇ ಆದ ಕ್ರಿ.ಶ. 971ರ ಶಾಸನವೊಂದಿದೆ. ಅದು ಪಾಂಬಬ್ಬೆ ಎಂಬ ಹೆಣ್ಣುಮಗಳನ್ನು ಕುರಿತದ್ದು. ಆಕೆ ಗಂಗ ದೊರೆ ಬೂತುಗನ ಅಕ್ಕ. ಅರಮನೆಯಲ್ಲಿ ಹುಟ್ಟಿ ಬೆಳೆದವಳು ತಲೆಗೂದಲನ್ನು ಕೀಳಿಸಿಕೊಂಡು ಜೈನ ಸನ್ಯಾಸಿನಿಯಾಗಿ, 30 ವರ್ಷ ತಪಸ್ಸು ಮಾಡಿ, ವ್ರತಗಳನ್ನು ಪಾಲಿಸಿ ದೇಹ ಬಿಟ್ಟಳು. ಯುದ್ಧದಲ್ಲಿ ಮಡಿದ ವೀರರಿಗೆ ಕಲ್ಲು ನಿಲ್ಲಿಸುವುದು ನಮ್ಮ ನಾಡಿನಲ್ಲಿ ಸಾಮಾನ್ಯ. ಸುಮ್ಮನೆ ಮೂವತ್ತು ವರ್ಷ ಕುಳಿತವಳಿಗೂ ಒಂದು ಕಲ್ಲು ನಿಲ್ಲಿಸಬೇಕೆಂದು ತೋರಿದವರ ಮನಸ್ಸು ದೊಡ್ಡದು.

ಪಾಂಬಬ್ಬೆಯದು ಒಂಟಿತನವೇ? ಅಲ್ಲವೆಂದು ನನ್ನ ಭಾವನೆ. ಅದು ಏಕಾಂತ. ತಾನಾಗಿ ಆರಿಸಿಕೊಂಡದ್ದು ಏಕಾಂತ. ತಲೆಯ ಮೇಲೆ ಬಂದು ಬಿದ್ದದ್ದು ಒಂಟಿತನ. ನಮ್ಮ ಭಾಷೆ ಈ ಎರಡನ್ನೂ ಬೇರೆಬೇರೆಯಾಗಿ ಗುರುತಿಸಿದೆಯಲ್ಲದೆ, ಮೂರನೆಯದೊಂದು ಮಾತನ್ನೂ ಇಟ್ಟುಕೊಂಡಿದೆ: ತಬ್ಬಲಿ. ಗೋವಿನ ಹಾಡನ್ನು ಕೇಳಿ ಬೆಳೆದ ಕನ್ನಡ ಮಕ್ಕಳಿಗೆ ಆ ಮಾತಿನ ಅರ್ಥವನ್ನು ನಿಘಂಟಿನಲ್ಲಿ ನೋಡಬೇಕಾಗಿಲ್ಲ.

ತಬ್ಬಲಿಯ ಕತೆಯನ್ನು ಕನ್ನಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೇಳಿದವನು ಕಡೂರು ತಾಲ್ಲೂಕಿನ ದೇವನೂರಿನವನೆಂದು ಹೆಸರಾದ ಲಕ್ಷ್ಮೀಶ. ಅವನ ಕಾಲ ಯಾವುದು, ಅವನು ಹೇಳುವ ದೇವಪುರ ಈ ದೇವನೂರೇ ಅಥವಾ ಸುರಪುರದ ಕಡೆಯದೇ ಎಂಬುದರ ಮೇಲೆ ವಿದ್ವಾಂಸರು ಬಹಳ ಶಾಯಿ ಖರ್ಚು ಮಾಡಿದ್ದಾರೆ. ಕಡೂರಿನವರಿಗೆ ಆ ಸಂದೇಹವಿಲ್ಲ. ದೇವನೂರಿನ ಲಕ್ಷ್ಮೀಕಾಂತಸ್ವಾಮಿಯ ಗುಡಿಯನ್ನು ತೋರಿಸಿ, ಇನ್ನೇನು ಬೇಕು ಎನ್ನುತ್ತಾರೆ. ವಾರ್ಧಕ ಷಟ್ಪದಿಯಲ್ಲಿರುವ ಅವನ ಜೈಮಿನಿ ಭಾರತ ಪಾಂಡವರ ಅಶ್ವಮೇಧದ ಕತೆ. ಆದರೆ ಹಳ್ಳಿಯ ಜಗುಲಿಗಳಲ್ಲಿ ಜನ ಕಿವಿಗೊಟ್ಟು ಕೇಳುತ್ತಿದ್ದದ್ದು ಕುದುರೆಯ ತಿರುಗಾಟವನ್ನಲ್ಲ. ನಡುವೆ ಬರುವ ಚಂದ್ರಹಾಸನ ಮತ್ತು ಸೀತೆಯ ಕತೆಗಳನ್ನು. ನಮ್ಮ ಮನೆಗಳಲ್ಲಿ ಚಾಮರಸನ ಪ್ರಭುಲಿಂಗಲೀಲೆಯ ಪಕ್ಕದಲ್ಲಿಯೇ ಜೈಮಿನಿಯೂ ಇರುತ್ತಿತ್ತು. ಕವಿಯ ಮತ ಯಾವುದೆಂದು ಕೇಳಿ ಪುಸ್ತಕವನ್ನು ಹೊರಗಿಟ್ಟ ಹಿರಿಯರನ್ನು ನಾನು ಕಂಡಿಲ್ಲ.

ಚಂದ್ರಹಾಸ ಅರಸುಮಗ, ತಂದೆತಾಯಿಗಳನ್ನು ಕಳೆದುಕೊಂಡು ದಾದಿಯೊಡನೆ ಕುಂತಳನಗರಕ್ಕೆ ಬಂದವನು. ಆ ದಾದಿಯೂ ತೀರಿಕೊಂಡಳು. ಊರಿನ ತಾಯಂದಿರ ಕೈತುತ್ತು ತಿಂದು ಬೆಳೆದವನನ್ನು ಮಂತ್ರಿ ದುಷ್ಟಬುದ್ಧಿ ಕೊಲ್ಲಲು ಕಳುಹಿಸಿದ. ಕೊಲ್ಲಬಂದವರು ಕರುಣೆಯಿಂದ ಅವನ ಆರನೆಯ ಕಾಲ್ಬೆರಳನ್ನು ಮಾತ್ರ ಕತ್ತರಿಸಿಕೊಂಡು ಅಡವಿಯಲ್ಲಿ ಬಿಟ್ಟುಹೋದರು. ಸೀತೆಯದು ಇನ್ನೊಂದು ಬಗೆ. ಆಕೆಗೆ ಪತಿ ಇದ್ದಾನೆ, ಮೈದುನರಿದ್ದಾರೆ, ಅಯೋಧ್ಯೆಯೇ ಇದೆ. ತಪೋವನಗಳನ್ನು ನೋಡಿ ಬರುವ ಸಡಗರದಲ್ಲಿ ಹೊರಟ ತುಂಬುಗರ್ಭಿಣಿಗೆ ಕಾಡಿನ ನಡುವೆ, ನಿನ್ನನ್ನು ಬಿಟ್ಟುಬರಲು ಅಣ್ಣನ ಅಪ್ಪಣೆಯಾಗಿದೆ ಎಂದು ಲಕ್ಷ್ಮಣ ಹೇಳುತ್ತಾನೆ. ಬಸುರಿಯಾದ್ದರಿಂದ ಪ್ರಾಣ ಬಿಡುವ ಸ್ವಾತಂತ್ರ್ಯವೂ ಆಕೆಗಿಲ್ಲ. ಲಕ್ಷ್ಮಣ ಹೋದ ಮೇಲೆ ಲಕ್ಷ್ಮೀಶ ಮಾಡುವ ಕೆಲಸವನ್ನು ನೋಡಬೇಕು. ಮೃಗಗಳು ಮೇವನ್ನು ಮರೆಯುತ್ತವೆ, ಪಕ್ಷಿಗಳು ಆಟವನ್ನು ಬಿಡುತ್ತವೆ; ಇಡೀ ಕಾಡು ಆಕೆಯ ದುಃಖದ ಪಾಲಿಗೆ ಬಂದು ನಿಲ್ಲುತ್ತದೆ. ನನ್ನ ವಿದ್ಯಾರ್ಥಿದೆಸೆಯಲ್ಲಿ ಇದನ್ನು ಕವಿಸಮಯ, ಉತ್ಪ್ರೇಕ್ಷೆ ಎಂದು ಬರೆದು ಅಂಕ ಗಳಿಸಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಹೇಳಿಕೊಳ್ಳಲು ಮನುಷ್ಯರೊಬ್ಬರೂ ಇಲ್ಲದ ಕಡೆ ಕವಿಯಾದವನು ಮೃಗಪಕ್ಷಿಗಳನ್ನಾದರೂ ಕರೆತರಬೇಕು. ಆಕೆಯನ್ನು ಹಾಗೆಯೇ ಬಿಟ್ಟುಹೋಗಲು ಲಕ್ಷ್ಮೀಶನಿಗೆ ಮನಸ್ಸು ಬರಲಿಲ್ಲ. ಒಂಟಿತನವೆಂದರೆ ಸುತ್ತ ಜನರಿಲ್ಲದಿರುವುದಲ್ಲ, ಹೇಳಿಕೊಳ್ಳುವುದಕ್ಕೆ ಒಬ್ಬರಿಲ್ಲದಿರುವುದು ಎಂಬುದನ್ನು ದೇವನೂರಿನ ಕವಿ ಕಮೂವಿಗಿಂತ ಎಷ್ಟೋ ಕಾಲ ಮೊದಲೇ ತಿಳಿದಿದ್ದ. ಆ ಹುಡುಗಿಗೆ ನಾನು ಹೇಳಬೇಕಾಗಿದ್ದ ಉತ್ತರ ಇದು. ಹೊಳೆದದ್ದು ಮಾತ್ರ ಮರುದಿನ ಬೆಳಿಗ್ಗೆ, ಕಡೂರಿನ ರೈಲು ನಿಲ್ದಾಣದಲ್ಲಿ.

ಕಡೂರಿನಿಂದ ಬೀರೂರು ಹತ್ತಿರದಲ್ಲೇ ಇದೆ. ಅಲ್ಲಿ ರೈಲುದಾರಿ ಎರಡಾಗಿ ಸೀಳುತ್ತದೆ. ಒಂದು ತರೀಕೆರೆ, ಭದ್ರಾವತಿಗಳ ಮೇಲೆ ಶಿವಮೊಗ್ಗಕ್ಕೆ. ಇನ್ನೊಂದು ಅಜ್ಜಂಪುರ, ಶಿವನಿ, ಹೊಸದುರ್ಗ ರಸ್ತೆಗಳ ಮೇಲೆ ಹುಬ್ಬಳ್ಳಿಯ ಕಡೆಗೆ. ನೇರವಾಗಿ ಅಜ್ಜಂಪುರಕ್ಕೆ ಹೋಗಬಹುದಾಗಿತ್ತು. ಆದರೆ ಹುಡುಗಿಯ ಪ್ರಶ್ನೆ ತಲೆಯಲ್ಲಿದ್ದುದರಿಂದ ತರೀಕೆರೆಯನ್ನು ನೋಡಿಕೊಂಡೇ ಹೋಗೋಣವೆಂದು ಶಿವಮೊಗ್ಗದ ಗಾಡಿ ಹತ್ತಿದೆ. ದೊಡ್ಡಮ್ಮನನ್ನು ಮತ್ತೆ ಅರ್ಧ ದಿನ ಕಾಯಿಸಿದೆನೆಂಬುದೂ ನಿಜ.

ತರೀಕೆರೆಯ ಹೆಸರು ಕೇಳಿದೊಡನೆ ಕೆರೆಯ ಏರಿ, ಕುರಿಮರಿ ಎಂದು ನಾಲಗೆ ತೊಡರುವ ಮಕ್ಕಳಾಟದ ಮಾತು ಎಲ್ಲರಿಗೂ ನೆನಪಾಗುತ್ತದೆ. ಪಶ್ಚಿಮಕ್ಕೆ ಕೆಮ್ಮಣ್ಣುಗುಂಡಿಯ ಬೆಟ್ಟಸಾಲು, ಪೂರ್ವಕ್ಕೆ ಬಯಲು. ನಡುವೆ ಗದ್ದೆ ಮತ್ತು ಅಡಕೆ ತೋಟಗಳ ಊರು. ಒಂದು ಕಾಲದಲ್ಲಿ ಇಲ್ಲಿಂದ ನರಸಿಂಹರಾಜಪುರಕ್ಕೆ ಸಣ್ಣ ಗೇಜಿನ ರೈಲೊಂದು ಕಾಡಿನೊಳಗೆ ಹೋಗುತ್ತಿತ್ತು. ಈಗ ಅದನ್ನು ಕಂಡವರೂ ವಿರಳ.

ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಮೊದಲು ಹೋದೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಶಿವಾಲಯ ಅಲ್ಲಿದೆ. ಹೊರಗಿನ ಮಂಟಪದ ಗೋಡೆಯ ಮೇಲೆ 140 ಕಥಾಫಲಕಗಳಿವೆ. ಅವುಗಳಲ್ಲಿ 70 ರಾಮಾಯಣಕ್ಕೆ, 25 ಶ್ರೀಕೃಷ್ಣನ ಕತೆಗೆ, 45 ಮಹಾಭಾರತಕ್ಕೆ. ರಾಮಾಯಣದ ಫಲಕಗಳು ಮಾತ್ರ ಅಪ್ರದಕ್ಷಿಣವಾಗಿ ಸಾಗುತ್ತವೆ. ರಾಮನ ಕತೆಯನ್ನು ಕ್ರಮವಾಗಿ ನೋಡಬೇಕಾದರೆ ಭಕ್ತನು ಪ್ರದಕ್ಷಿಣೆಯ ದಾರಿಗೆ ಎದುರಾಗಿ ನಡೆಯಬೇಕು. ಇದು ಏಕೆ ಹೀಗೆ ಎಂದು ಯೋಚಿಸುತ್ತ ಎರಡು ಸಲ ಸುತ್ತು ಹಾಕಿದೆ.

ಈ ದೇವಾಲಯದ ಶಾಸನವನ್ನು ರಚಿಸಿದವನು ಕವಿ ಜನ್ನ. ಶಿವಾಲಯಕ್ಕೆ ಜೈನ ಕವಿಯ ಪದ್ಯ. ಅಂದಿನವರಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲವೆಂದು ತೋರುತ್ತದೆ. ಇದಾದ ಹತ್ತು ಹನ್ನೆರಡು ವರ್ಷಗಳಲ್ಲಿ, 1209ರಲ್ಲಿ, ಜನ್ನ ಯಶೋಧರ ಚರಿತೆಯನ್ನು ಬರೆದ. ಅದನ್ನು ಹಿಂಸೆಯ ಪಾಪಫಲವನ್ನು ಹೇಳುವ ಕಾವ್ಯವೆಂದು ಪಾಠ ಮಾಡುತ್ತೇವೆ. ಹೌದು. ಆದರೆ ಅದರ ಮೂಲದಲ್ಲಿರುವುದು ಒಬ್ಬ ಅರಸನ ಬಾಯಿಗೆ ಬಾರದ ದುಃಖ. ಹೆಂಡತಿಯ ಮನಸ್ಸು ಮಾವುತನೊಬ್ಬನ ಹಾಡಿಗೆ ಸೋತದ್ದನ್ನು ಯಶೋಧರ ಕಣ್ಣಾರೆ ಕಂಡ. ಎತ್ತಿದ ಕತ್ತಿಯನ್ನು ಹಿಂದಕ್ಕೆ ತೆಗೆದುಕೊಂಡ. ಬೆಳಿಗ್ಗೆ ಮಗನ ಮುಖ ಬಾಡಿದ್ದನ್ನು ಕಂಡು ತಾಯಿ ಚಂದ್ರಮತಿ ಏನಾಯಿತೆಂದು ಕೇಳಿದಳು. ಅವನು ಹೇಳಲಾರದೆ, ಕೆಟ್ಟ ಕನಸು ಕಂಡೆನೆಂದು ಸುಳ್ಳಾಡಿದ. ಆ ಕನಸಿನ ದೋಷಪರಿಹಾರಕ್ಕೆಂದೇ ಹಿಟ್ಟಿನ ಕೋಳಿಯ ಬಲಿ, ಅದರಿಂದಲೇ ಜನ್ಮಜನ್ಮಾಂತರದ ಬಾಧೆ. ತಾಯಿಯೆದುರಿಗೆ ಕುಳಿತಿದ್ದಾನೆ, ತಾಯಿ ಕೇಳುತ್ತಲೂ ಇದ್ದಾಳೆ, ಆದರೂ ಹೇಳಲಾರ. ಕಾಡಿನ ಸೀತೆಗಿಂತ ಅರಮನೆಯ ಯಶೋಧರ ಹೆಚ್ಚು ಒಂಟಿಯೆಂದು ನನಗೆ ತೋರುತ್ತದೆ. ಅವನ ರಾಣಿ ಅಮೃತಮತಿಯಾದರೂ ನಡುರಾತ್ರಿಯ ದೂರದ ಹಾಡೊಂದಕ್ಕೆ ಹಾಗೆ ಕಿವಿಗೊಡಬೇಕಾದರೆ ಅವಳ ಅಂತಃಪುರ ಎಷ್ಟು ಬರಿದಾಗಿದ್ದಿರಬೇಕು ಎಂಬುದನ್ನು ಕವಿ ನಮಗೆ ಹೇಳುವುದಿಲ್ಲ. ತಪ್ಪನ್ನು ಸಮರ್ಥಿಸುವುದಕ್ಕೆ ಈ ಮಾತು ಹೇಳಲಿಲ್ಲ, ಹೊಳೆದದ್ದನ್ನು ಹೇಳಿದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಎಣ್ಣೆಹೊಳೆಯ ದಡಕ್ಕೆ ಬಂದೆ. ಈ ಪತ್ರಿಕೆಯ ಓದುಗರಿಗೆ ಆ ಹೆಸರು ಹೊಸದಲ್ಲ. ಬಸವಣ್ಣನವರ ಅಕ್ಕ, ಚೆನ್ನಬಸವಣ್ಣನವರ ತಾಯಿ ಅಕ್ಕನಾಗಮ್ಮನವರು ಐಕ್ಯರಾದದ್ದು ಈ ಹೊಳೆಯ ತೀರದಲ್ಲಿ ಎಂದು ಪರಂಪರೆ ಹೇಳುತ್ತದೆ.

ಕಲ್ಯಾಣದ ಮಹಾಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದವರು ಕಡೆಗೆ ಎಲ್ಲೆಲ್ಲಿ ನಿಂತರೆಂಬುದನ್ನು ಒಮ್ಮೆ ನೆನೆಯಬೇಕು. ಅಣ್ಣನವರು ಕೂಡಲಸಂಗಮದಲ್ಲಿ. ನೀಲಾಂಬಿಕೆಯವರು ಕೃಷ್ಣೆಯ ದಡದ ತಂಗಡಗಿಯಲ್ಲಿ. ಗಂಗಾಂಬಿಕೆಯವರು ಮಲಪ್ರಭೆಯ ಮುಗುಟಖಾನ ಹುಬ್ಬಳ್ಳಿಯಲ್ಲಿ. ಚೆನ್ನಬಸವಣ್ಣನವರು ಉಳವಿಯ ಕಾಡಿನಲ್ಲಿ. ಒಂದು ಮನೆಯವರು ಒಬ್ಬೊಬ್ಬರು ಒಂದೊಂದು ನೀರಿನ ಬದಿಯಲ್ಲಿ. ಅಕ್ಕನಾಗಮ್ಮನವರು ಮಾತ್ರ ಎಲ್ಲರಿಗಿಂತ ದೂರ, ದಕ್ಷಿಣಕ್ಕೆ, ಈ ಅರೆಮಲೆನಾಡಿಗೆ ಬಂದರು. ಎತ್ತಿ ಆಡಿಸಿದ ತಮ್ಮ ಹೋದ ಮೇಲೆ, ಕಲ್ಯಾಣ ಹಾಳಾದ ಮೇಲೆ, ಶರಣರ ದಂಡಿನೊಡನೆ ಉಳವಿಯವರೆಗೆ ನಡೆದು, ಅಲ್ಲಿ ಹೆತ್ತ ಮಗನೂ ಐಕ್ಯನಾದ ಮೇಲೆ, ಹಗ್ಗ ಹೊಸೆಯುವ ಕಾಯಕದ ನುಲಿಯ ಚಂದಯ್ಯನವರ ಜೊತೆಯಲ್ಲಿ ಇಲ್ಲಿಗೆ ಬಂದರಂತೆ.

ಅವರ ವಚನಗಳೆಂದು ನಮಗೆ ದೊರೆತಿರುವುದು ಹದಿನೈದರ ಸುಮಾರು. ಅಷ್ಟೇ. ಮಹಾಮನೆಯಲ್ಲಿ ಅಷ್ಟು ಕಾಲ ದಾಸೋಹದ ಭಾರ ಹೊತ್ತವರು, ಅನುಭವ ಗೋಷ್ಠಿಗಳನ್ನು ಕಂಡವರು, ಕಲ್ಯಾಣದ ಏಳುಬೀಳುಗಳನ್ನು ಮೊದಲಿನಿಂದ ಕಡೆಯವರೆಗೆ ನೋಡಿದವರು. ಅವರು ಹೇಳುವುದು ಇನ್ನೆಷ್ಟು ಇದ್ದಿರಬೇಕು! ಅವರ ಅಂಕಿತ ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’. ಇಷ್ಟದೈವವನ್ನು ಕರೆಯುವಾಗಲೂ ಮೊದಲು ತಮ್ಮನ ಹೆಸರು ಹಿಡಿಯುತ್ತಾರೆ. ಪಂಡಿತರು ಇದನ್ನು ಗುರುಭಾವವೆಂದು ವಿವರಿಸುತ್ತಾರೆ, ಸರಿಯೇ. ಆದರೆ ನಾನು ಆ ದಡದಲ್ಲಿ ಕುಳಿತಿದ್ದಾಗ ಅದು ನನಗೆ ಒಬ್ಬ ಅಕ್ಕ ತಮ್ಮನನ್ನು ಕೂಗುವಂತೆ ಕೇಳಿಸಿತು. ಪಾಂಬಬ್ಬೆಯೂ ದೊಡ್ಡ ತಮ್ಮನೊಬ್ಬನ ಅಕ್ಕನೇ ಅಲ್ಲವೇ ಎಂದು ಆಗ ನೆನಪಾಯಿತು. ತಮ್ಮಂದಿರ ಕತೆ ಎಲ್ಲರಿಗೂ ಗೊತ್ತು.

ಉಡುತಡಿಯ ಅಕ್ಕಮಹಾದೇವಿಯವರ ಏಕಾಂತವನ್ನು ನಾವು ಹಾಡುತ್ತೇವೆ, ಅಭಿನಯಿಸುತ್ತೇವೆ, ಪುಸ್ತಕ ಬರೆಯುತ್ತೇವೆ. ಅವರು ಶ್ರೀಶೈಲದ ಕದಳಿಗೆ ಹೋದದ್ದು ಕಲ್ಯಾಣದ ಶರಣರ ನಡುವೆ ಪ್ರಶ್ನೆ ಕೇಳಿಸಿಕೊಂಡು, ಉತ್ತರ ಕೊಟ್ಟು, ಆಡಬೇಕಾದುದನ್ನೆಲ್ಲ ಆಡಿ ಮುಗಿಸಿದ ಮೇಲೆ. ಅದು ತುಂಬಿದ ಮೇಲಿನ ಏಕಾಂತ. ಅಕ್ಕನಾಗಮ್ಮನವರು ಇಲ್ಲಿಗೆ ಬರುವ ಹೊತ್ತಿಗೆ ಆ ಗೋಷ್ಠಿಯೇ ಇರಲಿಲ್ಲ. ಸಂಜೆ ಹೊಳೆಯ ಬದಿಯಲ್ಲಿ ಅವರು ಚಂದಯ್ಯನವರೊಡನೆ ಏನು ಮಾತನಾಡುತ್ತಿದ್ದರು? ಬಾಗೇವಾಡಿಯ ಬಾಲ್ಯವನ್ನು ನೆನೆಯುತ್ತಿದ್ದರೇ? ಚಂದಯ್ಯನವರು ಹಗ್ಗ ಹೊಸೆಯುತ್ತ ಹೂಂಗುಟ್ಟುತ್ತಿದ್ದರೇ? ಯಾವ ಕವಿಯೂ ಆ ಸಂಜೆಗಳನ್ನು ಬರೆದಂತೆ ಕಾಣೆ. ಬರೆಯಬೇಕಾದ ಕಾವ್ಯಗಳ ಪಟ್ಟಿಯೊಂದನ್ನು ಮಾಡುವುದಾದರೆ ನಾನು ಇದನ್ನು ಮೊದಲು ಸೇರಿಸುತ್ತೇನೆ. ಕಡೂರಿನ ಆ ಹುಡುಗಿಯೇ ಬರೆಯಲಿ.

ತರೀಕೆರೆಯಿಂದ ಅಜ್ಜಂಪುರಕ್ಕೆ ಬಸ್ಸಿನಲ್ಲಿ ಹೋದೆ. ಅಡಕೆಯ ಹಸಿರು ಹಿಂದೆ ಸರಿದು ರಾಗಿಯ ಕೂಳೆ, ಈರುಳ್ಳಿಯ ಹೊಲ, ಬಯಲು ಕಾಣತೊಡಗುತ್ತವೆ. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಅಜ್ಜಂಪುರ ಈಗ ತಾನೇ ತಾಲ್ಲೂಕು ಕೇಂದ್ರ. ಹೊರಗಿನವರಿಗೆ ಅದು ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರದಿಂದ ಪರಿಚಿತ. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಫಿರಂಗಿ ಎಳೆದ ಆ ಎತ್ತುಗಳ ಸಂತತಿ ಇಂದಿಗೂ ಇಲ್ಲಿನ ಕಾವಲುಗಳಲ್ಲಿ ಮೇಯುತ್ತಿದೆ.

ಸಾಹಿತ್ಯ ಓದಿದವರಿಗೆ ಅಜ್ಜಂಪುರ ಎಂದೊಡನೆ ನೆನಪಾಗುವುದು ‘ಆನಂದ’. ಅವರ ಹೆಸರು ಅಜ್ಜಂಪುರ ಸೀತಾರಾಮ್ (1902–1963). ಗಂಡಹೆಂಡಿರ ಸರಸವನ್ನು ಅವರಷ್ಟು ಹಗುರವಾಗಿ, ಶುಚಿಯಾಗಿ ಬರೆದವರು ಕಡಮೆ. ಅಂತಹವರು ‘ನಾನು ಕೊಂದ ಹುಡುಗಿ’ ಎಂಬ ಕತೆಯನ್ನೂ ಬರೆದರು. ಹಳ್ಳಿಗಾಡಿನಲ್ಲಿ ತಿರುಗುವ ವಿದ್ಯಾವಂತನೊಬ್ಬ ಒಂದು ಮನೆಯಲ್ಲಿ ಅತಿಥಿಯಾಗಿ ಇಳಿಯುತ್ತಾನೆ. ಆ ಮನೆಯ ಮಗಳು ಚೆನ್ನಮ್ಮನನ್ನು ಹರಕೆಯ ಕಾರಣದಿಂದ ಬಸವಿ ಬಿಟ್ಟಿದ್ದಾರೆ. ಅತಿಥಿಯನ್ನು ಉಪಚರಿಸುವುದು ತನ್ನ ಧರ್ಮವೆಂದೇ ನಂಬಿ ಅವಳು ರಾತ್ರಿ ಅವನ ಬಳಿಗೆ ಬರುತ್ತಾಳೆ. ಅವನು ಅವಳನ್ನು ಮುಟ್ಟುವುದಿಲ್ಲ. ಇದು ತಪ್ಪೆಂದು ತಿಳಿಯಹೇಳುತ್ತಾನೆ. ಬೆಳಗಾಗುವಷ್ಟರಲ್ಲಿ ಹುಡುಗಿ ಬಾವಿಗೆ ಬಿದ್ದಿರುತ್ತಾಳೆ.

ಈ ಕತೆಯನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ದುಷ್ಟ ಪದ್ಧತಿಯ ವಿರುದ್ಧ ಬರೆದ ಕತೆ ಎಂದು ಹೇಳಿ ಮುಗಿಸುತ್ತಿದ್ದೆ. ಬಸ್ಸಿನ ಕಿಟಕಿಯ ಬಳಿ ಕುಳಿತಾಗ ಬೇರೊಂದು ಹೊಳೆಯಿತು. ಆ ರಾತ್ರಿಯವರೆಗೆ ಚೆನ್ನಮ್ಮ ಒಂಟಿಯಾಗಿರಲಿಲ್ಲ. ಅವಳಿಗೆ ಮನೆಯಿತ್ತು, ದೇವರಿದ್ದ, ತಾನು ಮಾಡುತ್ತಿರುವುದು ಸರಿ ಎನ್ನುವ ಊರಿತ್ತು. ಅತಿಥಿಯ ನಾಲ್ಕು ಸತ್ಯವಾದ ಮಾತು ಅವೆಲ್ಲವನ್ನೂ ಅವಳಿಂದ ಕಿತ್ತುಕೊಂಡಿತು. ಅನಂತರ ಅವನು ಹೊದ್ದು ಮಲಗಿದ. ಅವಳು ತನಗೆ ತಿಳಿದುದನ್ನು ಯಾರಿಗೆ ಹೇಳಬೇಕಾಗಿತ್ತು? ಬಸವಿ ಬಿಟ್ಟ ತಂದೆಗೇ? ಒಪ್ಪಿದ ತಾಯಿಗೇ? ತಿಳಿವಳಿಕೆ ಕೊಟ್ಟವನು ಬೆಳಗಿನವರೆಗೆ ಜೊತೆಯಲ್ಲಿ ಕುಳಿತಿದ್ದರೆ ಏನಾಗುತ್ತಿತ್ತೋ. ಆನಂದರು ಕೊಲೆಯ ಹೊಣೆಯನ್ನು ಪದ್ಧತಿಯ ಮೇಲೆ ಹೊರಿಸದೆ, ಕತೆಯ ಹೆಸರಿನಲ್ಲಿಯೇ ‘ನಾನು’ ಎಂದು ಇಟ್ಟದ್ದರ ಅರ್ಥ ನನಗೆ ಇಷ್ಟು ತಡವಾಗಿ ಆಯಿತು.

ದೊಡ್ಡಮ್ಮನ ಹಳ್ಳಿ ಸೇರಿದಾಗ ಹೊತ್ತು ಮುಳುಗುವುದರಲ್ಲಿತ್ತು. ಪುಸ್ತಕ ಕೊಟ್ಟು, ಒಂದು ಲೋಟ ಕಾಫಿ ಕುಡಿದು, ರಾತ್ರಿಯ ರೈಲಿಗೆ ಅಜ್ಜಂಪುರಕ್ಕೆ ಹಿಂದಿರುಗುವುದು ನನ್ನ ಲೆಕ್ಕ. ಅವರು ಆಗತಾನೆ ಲಿಂಗಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. “ಯಾರಪ್ಪಾ?” ಎಂದು ಕೇಳಿದರು. ನಾನು ಎರಡಡಿ ದೂರದಲ್ಲಿ ನಿಂತಿದ್ದೆ.

ದನಿಯಿಂದ ಗುರುತು ಹಿಡಿದು ಕೈಹಿಡಿದುಕೊಂಡರು. ಕಣ್ಣಿನ ಒಳಗಿನ ನರ ಒಣಗಿದೆ, ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದು ವೈದ್ಯರು ಹೇಳಿ ಒಂದು ವರ್ಷವಾಯಿತಂತೆ. ನೆರಳು ಬೆಳಕು ಮಾತ್ರ ಕಾಣುತ್ತದೆ. “ನನಗೇಕೆ ತಿಳಿಸಲಿಲ್ಲ?” ಎಂದೆ. “ತಿಳಿಸಿದರೆ ನೀನೇನು ಕಣ್ಣು ತಂದುಕೊಡುತ್ತಿದ್ದೆಯಾ” ಎಂದು ನಕ್ಕರು. ದಪ್ಪಕ್ಷರದ ಪುಸ್ತಕವನ್ನು ಅವರ ಕೈಯಲ್ಲಿಟ್ಟೆ. ಒಂದು ವರ್ಷ ಮೊದಲು ತಂದಿದ್ದರೆ ಅದನ್ನು ಅವರೇ ಓದಿಕೊಳ್ಳುತ್ತಿದ್ದರು. ಅವರು ಆ ಮಾತು ಆಡಲಿಲ್ಲ. ರಟ್ಟನ್ನು ಸವರಿ, ತೂಕ ನೋಡಿ, “ಒಳ್ಳೆಯ ಪುಸ್ತಕ” ಎಂದರು.

ಇಬ್ಬರು ಗಂಡುಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಒಳ್ಳೆಯವರು, ಅವರ ಮೇಲೆ ದೂರಿಡುವಂತಿಲ್ಲ. ದಿನವೂ ಫೋನು ಮಾಡುತ್ತಾರೆ. ಬಂದಿರಮ್ಮಾ ಎಂದರೆ ದೊಡ್ಡಮ್ಮನೇ ಹೋಗಲೊಲ್ಲರು. “ಊಟ ಆಯಿತಾ, ಮಾತ್ರೆ ತೆಗೆದುಕೊಂಡೆಯಾ ಅಂತ ಕೇಳುತ್ತಾರೆ. ಆಯಿತು ಅನ್ನುತ್ತೇನೆ. ಅಷ್ಟಕ್ಕೆ ಮಾತು ಮುಗಿಯುತ್ತದೆ. ಪಾಪ, ಅವರಾದರೂ ಇನ್ನೇನು ಕೇಳಿಯಾರು?” ಎಂದರು. ನಾನು ಗಡಿಯಾರ ನೋಡುವುದನ್ನು ಬಿಟ್ಟೆ.

ಪಕ್ಕದ ಮನೆಯ ಹೆಣ್ಣುಮಗಳು ಮುದ್ದೆ ಮತ್ತು ಹಸಿ ಅವರೆಕಾಳಿನ ಸಾರು ತಂದಿಟ್ಟು ಹೋದಳು. ಊಟವಾದ ಮೇಲೆ ದೊಡ್ಡಮ್ಮ ಪೆಟ್ಟಿಗೆಯಿಂದ ಹಳೆಯ ಜೈಮಿನಿಯನ್ನು ತರಿಸಿದರು. ಸೀತೆಯ ಭಾಗದ ಹಾಳೆಗಳು ಜರಡಿಯಂತಾಗಿದ್ದವು. ಅಂಚಿನಲ್ಲಿ ದೊಡ್ಡಪ್ಪನವರ ಪೆನ್ಸಿಲಿನ ಗುರುತುಗಳು ಮಾತ್ರ ಅಲ್ಲಲ್ಲಿ ಉಳಿದಿದ್ದವು. “ನೀನು ಹೊಸದರಲ್ಲಿ ಓದು” ಎಂದರು. ನಾನು ಗಮಕಿಯಲ್ಲ. ಆದರೂ ದೊಡ್ಡಪ್ಪನವರು ಓದುತ್ತಿದ್ದ ಧಾಟಿ ಕಿವಿಯಲ್ಲಿತ್ತು. ರಥ ಕಾಡಿಗೆ ಬಂದಲ್ಲಿಂದ ಆರಂಭಿಸಿದೆ. ನಾಲ್ಕೈದು ಪದ್ಯವಾಗುವಷ್ಟರಲ್ಲಿ ಒಂದು ಕಡೆ ಪದ ಒಡೆಯುವುದು ತಪ್ಪಿತು. ದೊಡ್ಡಮ್ಮ ತಿದ್ದಿದರು. ಇನ್ನೊಂದು ಪದ್ಯದಲ್ಲಿ ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಮುಂದಿನ ಸಾಲನ್ನು ಅವರೇ ಹೇಳಿದರು. ಆಮೇಲೆ ನಾನು ಓದಲಿಲ್ಲ; ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಹೋದೆ. ಲಕ್ಷ್ಮಣ ಹಿಂದಿರುಗುವುದು, ಸೀತೆ ಮೂರ್ಛೆ ಹೋಗುವುದು, ಕಾಡಿನ ಮೃಗಪಕ್ಷಿಗಳು ಮರುಗುವುದು, ವಾಲ್ಮೀಕಿಗಳು ಬರುವುದು. ಗೆದ್ದಲು ತಿಂದ ಅಷ್ಟೂ ಹಾಳೆಗಳನ್ನು ಒಂದಕ್ಷರ ತಪ್ಪದೆ ಹೇಳಿದರು.

ಮುಗಿದ ಮೇಲೆ ಬಹಳ ಹೊತ್ತು ಮಾತನಾಡಿದೆವು. ದೊಡ್ಡಪ್ಪನವರ ಕೊನೆಯ ದಿನಗಳನ್ನು ಕುರಿತು, ಹಸುಗೂಸಾಗಿದ್ದಾಗಲೇ ತೀರಿಕೊಂಡ ಅವರ ಮೊದಲ ಮಗಳನ್ನು ಕುರಿತು. ಆ ಮಗುವಿನ ಹೆಸರನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅಜ್ಜಂಪುರದ ಕಡೆಯಿಂದ ರಾತ್ರಿಯ ರೈಲಿನ ಸದ್ದು ಕೇಳಿಬಂತು.

ಬೆಳಿಗ್ಗೆ ಹೊರಟಾಗ ಕಂಬ ಹಿಡಿದು ಬಾಗಿಲವರೆಗೆ ಬಂದರು. “ಮುಂದಿನ ಸಲ ಬರುವಾಗ ರಾಜಶೇಖರ ವಿಳಾಸ ತೆಗೆದುಕೊಂಡು ಬಾರಪ್ಪ” ಎಂದರು.

“ಮನೆಯಲ್ಲಿ ಒಂದು ಇತ್ತಲ್ಲ ದೊಡ್ಡಮ್ಮ, ಅದನ್ನೂ ಗೆದ್ದಲು ತಿಂದವೇ?”

“ಇಲ್ಲಪ್ಪ. ಅದು ಪೆಟ್ಟಿಗೆಯಲ್ಲಿ ಚೆನ್ನಾಗಿಯೇ ಇದೆ” ಎಂದರು.